ಮಕ್ಕಳ ಫೋನು, ಮುಸ್ಲಿಂ ದ್ವೇಷದ ವಿಡಿಯೊ, ನಮ್ಮ ಫಾರ್ವರ್ಡ್‌ಗಳು

ಅಕ್ಕ, ಇಲ್ಲಿ ಇಂಗ್ಲೆಂಡಿನಲ್ಲಿ ನಿಮ್ಮ ಮಗಳು ಹಿಜಾಬ್ ಹಾಕುವ ಗೆಳತಿಯ ಪಕ್ಕ ಕೂರಲು ಹಿಂದೆಮುಂದೆ ನೋಡುತ್ತಿದ್ದಾಳೆ ಅಂತ ಈ ಗ್ರೂಪಿನಲ್ಲಿ ಬರೆದಿರಿ. ಇದು ಫೋನಿನಿಂದ ಬಂದದ್ದು ಅಂತ ನನ್ನ ಅಂದಾಜು. ಒಂದು ವಿಡಿಯೊ ನೋಡಿದರೆ ಸಾಕು, ಅಂಥವೇ ಸಾಲುಸಾಲಾಗಿ ಬರುತ್ತವೆ. ಬೈಯ್ಯಬೇಡಿ. ಆ ಹುಡುಗಿಯನ್ನು ಒಂದು ಶನಿವಾರ ಮನೆಗೆ ಕರೆಯಿರಿ. ಹಲಾಲ್ ಚಿಂತೆಯೂ ಬೇಡ, ನಮ್ಮ ಮನೆಗಳಲ್ಲಿ ವೆಜ್ ಹೇಗೂ ಇದ್ದೇ ಇರುತ್ತದೆ.

ಮೊನ್ನೆ ನನ್ನ ಮಗನೂ ಒಂದು ವಿಡಿಯೊ ತಂದ. ರಸ್ತೆ ತುಂಬ ನಮಾಜ್ ಮಾಡುವ ಜನ, ಹಿಂದೆ ಎದೆ ನಡುಗಿಸುವ ಮ್ಯೂಸಿಕ್, ಮೇಲೆ ಕೆಂಪಕ್ಷರದಲ್ಲಿ 'ಇದು ನಮ್ಮ ಇಂಗ್ಲೆಂಡ್'. ನಿಲ್ಲಿಸಿ ನೋಡು ಅಂದೆ. ಬಸ್ಸಿನ ಸ್ಟೀರಿಂಗ್ ಎಡಕ್ಕಿತ್ತು, ಇಲ್ಲಿ ಇರುವುದು ಬಲಕ್ಕೆ. "ಇದು ಇಲ್ಲಿಯದೇ ಅಲ್ಲ, ಅಲ್ವಾ ಅಪ್ಪ?" ಅಂತ ಅವನೇ ಕೇಳಿದ. ಭಾಷಣಕ್ಕಿಂತ ಇದು ಜಾಸ್ತಿ ನಾಟುತ್ತದೆ.

ಇಲ್ಲಿನ ಸೌತ್‌ಪೋರ್ಟ್ ಊರಿನಲ್ಲಿ ಆದದ್ದು ನೆನಪಿದೆಯಲ್ಲ? 2024ರ ಜುಲೈ 29ರಂದು ಡಾನ್ಸ್ ಕ್ಲಾಸಿನಲ್ಲಿ ಚಾಕು ಇರಿತ, ಮೂರು ಪುಟ್ಟ ಹೆಣ್ಣುಮಕ್ಕಳ ಸಾವು. ಸಂಜೆಯೊಳಗೆ ಕೊಂದವನದು ಅಂತ ಒಂದು ಮುಸ್ಲಿಂ ಹೆಸರು ಹುಟ್ಟಿಕೊಂಡಿತು. ದೋಣಿಯಲ್ಲಿ ಬಂದವನಂತೆ, ಆಶ್ರಯ ಕೇಳಿದವನಂತೆ. ಎಲ್ಲ ಕಟ್ಟುಕತೆ. ಕೊಂದವನು ಹುಟ್ಟಿದ್ದು ಇಲ್ಲೇ ಬ್ರಿಟನ್ನಿನ ಕಾರ್ಡಿಫ್‌ನಲ್ಲಿ, ತಂದೆತಾಯಿ ರುವಾಂಡದವರು. ಮರುದಿನ ಸಂಜೆ ಅಲ್ಲಿನ ಮಸೀದಿಗೆ ಕಲ್ಲು ಬಿದ್ದವು. ಆಗಸ್ಟ್ 1ಕ್ಕೆ ಕೋರ್ಟ್ ಅವನ ನಿಜವಾದ ಹೆಸರನ್ನು ಹೊರಬಿಟ್ಟಿತು. ಗಲಭೆ ನಿಂತಿತೇ? 4ರಂದು ರಾದರಮ್ ಊರಿನ ಹತ್ತಿರ, ಆಶ್ರಯ ಕೋರಿದವರು ಒಳಗಿದ್ದ ಹೋಟೆಲ್ಲಿಗೇ ಗಲಭೆಕೋರರು ಬೆಂಕಿ ಹಚ್ಚಲು ಹೋದರು. ಯಾರು ಕೊಂದರು ಅನ್ನುವುದು ಅವರಿಗೆ ಬೇಕೇ ಇರಲಿಲ್ಲ. ಈ ನಡುವೆ 'ನಾವು ಸುಮ್ನೆ ಪ್ರಶ್ನೆ ಕೇಳ್ತಿದ್ದೀವಿ' ಅಂದ ರಾಜಕಾರಣಿಗಳ ಮೇಲೆ ನನಗೆ ಇನ್ನೂ ಸಿಟ್ಟಿದೆ.

ಮೇಲೆ ಒಬ್ಬರು ಬರೆದಿದ್ದಾರೆ, 'ಅದು ಮುಸ್ಲಿಮರ ತಾಪತ್ರಯ, ನಾವು ಹಿಂದೂಗಳು ಅಂದರೆ ಮುಗೀತು' ಅಂತ. ಸಾರ್, ಹೊಡೆಯಲು ಬಂದವನು ಗೋತ್ರ ಕೇಳುವುದಿಲ್ಲ. 2017ರಲ್ಲಿ ಅಮೆರಿಕದ ಕಾನ್ಸಸ್‌ನಲ್ಲಿ ನಮ್ಮ ಹೈದರಾಬಾದ್ ಕಡೆಯ ಎಂಜಿನಿಯರ್ ಒಬ್ಬರನ್ನು ಇರಾನಿನವರೆಂದುಕೊಂಡು ಗುಂಡಿಟ್ಟು ಕೊಂದರು. 2019ರಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಮಸೀದಿಗಳಲ್ಲಿ 51 ಜನರನ್ನು ಕೊಂದವನ ತಲೆಯಲ್ಲಿದ್ದದ್ದು 'ಹೊರಗಿನವರು ಬಂದು ಬಿಳಿಯರ ಜಾಗ ಕಿತ್ತುಕೊಳ್ಳುತ್ತಾರೆ' ಅನ್ನುವ ಮಾತು. ಆ ಲೆಕ್ಕದಲ್ಲಿ ನಾವೂ ಹೊರಗಿನವರೇ. ಇನ್ನು, ನಮ್ಮನ್ನು ಬಿಟ್ಟು ಪಕ್ಕದ ಮನೆಯವರನ್ನು ಮಾತ್ರ ಹೊಡೆದರೆ ಸರಿಯೇ? ಮಕ್ಕಳಿಗೆ ಅದನ್ನು ಯಾವ ಬಾಯಲ್ಲಿ ಹೇಳುವುದು?

ಊರಿನ ಫ್ಯಾಮಿಲಿ ಗ್ರೂಪಿನಿಂದ ಬರುವ ಇಂಥ ವಿಡಿಯೊಗಳನ್ನು ಇಲ್ಲಿಗೂ ತಂದು ಹಾಕುವವರು ದಯವಿಟ್ಟು ನಿಲ್ಲಿಸಿ. ನಮ್ಮ ಫೋನನ್ನು ಮಕ್ಕಳೂ ನೋಡುತ್ತಾರೆ.

ಇನ್ನೊಂದು ವಿಷಯ, ಜಾಸ್ತಿ ಜನರಿಗೆ ಗೊತ್ತಿಲ್ಲ. ಮುಸ್ಲಿಂ ಅಂದುಕೊಂಡು ಯಾರಾದರೂ ನಿಮ್ಮ ಮೇಲೆ ಕೈಮಾಡಿದರೆ, ನೀವು ಮುಸ್ಲಿಂ ಅಲ್ಲದಿದ್ದರೂ ಇಂಗ್ಲೆಂಡಿನ ಕಾನೂನಿನಲ್ಲಿ ಅದು ಧರ್ಮದ್ವೇಷದ ಅಪರಾಧವೇ. 1998ರ ಕ್ರೈಮ್ ಅಂಡ್ ಡಿಸಾರ್ಡರ್ ಕಾಯ್ದೆಯಲ್ಲೇ ಇದೆ. ಪೊಲೀಸರ 101ಕ್ಕೆ ಫೋನ್ ಮಾಡಿ, ಅಪಾಯ ಎದುರಿಗೇ ಇದ್ದರೆ 999. ದೂರು ಕೊಡುವಾಗ ಅವನು ಆಡಿದ ಮಾತನ್ನು ಹಾಗೆಹಾಗೇ ಬರೆಸಿ.