ಸಹಾಯ ಬೇಕು: 400 ವ್ಯಾಟ್ ಚೋಕ್ ಸುತ್ತಲು ಯಾವ ತಂತಿ?

ಹವ್ಯಾಸಿ ರೇಡಿಯೊ ಮಿತ್ರರಿಗೆ ನಮಸ್ಕಾರ. ಮುಂಬೈನ ಮಾಹಿಮ್‌ನಲ್ಲಿ ನಮ್ಮ ಕಟ್ಟಡದ ತಾರಸಿಯ ಮೇಲಿರುವ 40 ಮೀಟರ್ ಬ್ಯಾಂಡಿನ ಡೈಪೋಲಿಗೆ (ಎರಡು ತೋಳಿನ ತಂತಿ ಆಂಟೆನಾ), 31ನೇ ಮಿಕ್ಸ್‌ನ (ಫೆರೈಟ್ ವಸ್ತುವಿನ ಒಂದು ಬಗೆ) 2.4 ಇಂಚಿನ ಫೆರೈಟ್ ಉಂಗುರದ ಮೇಲೆ ಜೋಡಿ ತಂತಿ ಸುತ್ತಿ ಕಾಮನ್ ಮೋಡ್ ಚೋಕ್ (ಆಂಟೆನಾ ಕೇಬಲ್ಲಿನ ಹೊರಮೈಯಲ್ಲಿ ಹರಿಯುವ ಬೇಡದ ರೇಡಿಯೊ ಕರೆಂಟನ್ನು ತಡೆಯುವ ಸುರುಳಿ) ಮಾಡುತ್ತಿದ್ದೇನೆ. 400 ವ್ಯಾಟ್‌ನಲ್ಲಿ 50 ಓಮ್ ಲೋಡಿಗೆ ಹರಿಯುವುದು ಸುಮಾರು 2.8 ಆಂಪಿಯರ್, ವೋಲ್ಟೇಜಿನ ಶಿಖರ 200. ಆದ್ದರಿಂದ ತಂತಿಯ ದಪ್ಪದ ಚಿಂತೆಯಿಲ್ಲ, ತಲೆನೋವೆಲ್ಲ ಹೊದಿಕೆಯದು.

ಮನೆ ವೈರಿಂಗಿನ ಪಿವಿಸಿ ತಂತಿ ಸುತ್ತಿ ನೋಡಿದೆ. ಅದರ ಹೊದಿಕೆ ಸಾಮಾನ್ಯವಾಗಿ 70 ಡಿಗ್ರಿ ಸೆಲ್ಸಿಯಸ್‌ವರೆಗಷ್ಟೇ ತಾಳುವಂಥದ್ದು, ಉಂಗುರ ಬಿಸಿಯಾದಾಗ ಒಳಬದಿಯ ಸುತ್ತುಗಳು ಮೆತ್ತಗಾದವು. ಎನಾಮಲ್ ತಂತಿಯ ಜೋಡಿಯ ಇಂಪಿಡೆನ್ಸ್ (ರೇಡಿಯೊ ಅಲೆಗೆ ಅದು ತೋರುವ ತಡೆ) ಬೇಕಾದ 50 ಓಮ್‌ಗೆ ಹತ್ತಿರ ಬರುತ್ತದೆ ನಿಜ, ಆದರೆ ಉಂಗುರದ ಅಂಚಿಗೆ ಉಜ್ಜಿ ಲೇಪ ಕೆರೆದುಹೋಗಿ ತಾಮ್ರ ಇಣುಕಿತು, ಅದನ್ನು ಇಲ್ಲಿನ ಮಳೆಗಾಲದ ಉಪ್ಪುಗಾಳಿಗೆ ಒಡ್ಡುವ ಧೈರ್ಯ ನನಗಿಲ್ಲ. ಲ್ಯಾಮಿಂಗ್ಟನ್ ರಸ್ತೆಯಲ್ಲಿ ಸಿಗುವ ಬೆಳ್ಳಿ ಲೇಪದ ಟೆಫ್ಲಾನ್ ತಂತಿ 200 ಡಿಗ್ರಿ ತಡೆಯುತ್ತದೆ (ಬೆಲೆ ಕೇಳಿದರೆ ಬಿಸಿಯಾಗುವುದು ನಾವೇ), ಆದರೆ ಅದರ ಜೋಡಿಯ ಇಂಪಿಡೆನ್ಸ್ 100 ಓಮ್‌ನ ಆಸುಪಾಸಿಗೆ ಹೋಗುತ್ತದೆ. ನಾನು ಸಿಕ್ಕಿಕೊಂಡಿರುವುದು ಇಲ್ಲಿಯೇ.

ಟೆಫ್ಲಾನ್ ಜೋಡಿಯನ್ನೇ ಸುತ್ತಿದರೆ 40 ಮೀಟರ್‌ನಲ್ಲಿ ಎಸ್‌ಡಬ್ಲ್ಯುಆರ್ (ಆಂಟೆನಾ ಕಡೆಯಿಂದ ಎಷ್ಟು ಶಕ್ತಿ ಮರಳಿ ಬರುತ್ತದೆಂಬುದರ ಅಳತೆ) ಗಮನಾರ್ಹವಾಗಿ ಕೆಡುತ್ತದೆಯೇ, ಅಥವಾ ಎನಾಮಲ್ ಜೋಡಿಯ ಒಂದು ತಂತಿಗೆ ಮಾತ್ರ ಟೆಫ್ಲಾನ್ ಸ್ಲೀವ್ ತೊಡಿಸಿ ಸುತ್ತುವುದು ಮೇಲೇ? ಎರಡನ್ನೂ ಅಳೆದು ನೋಡಿದವರು ದಯವಿಟ್ಟು ತಿಳಿಸಿ.