ಬ್ಯಾಕಪ್ ಶುರುವಾದ ಕೂಡಲೇ ಸ್ಯಾನ್‌ನ (ಸರ್ವರ್-ಸ್ಟೋರೇಜ್ ಜೋಡಿಸುವ ಜಾಲ) ಒಂದು ಪಾತ್ ಬೀಳುತ್ತಿದೆ, ಮಳೆಯ ಕಾಟವಾ?

ಕೂಡ್ಲೂರು ಸಿಸ್ಟಂ:
ಕುಶಾಲನಗರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ಬೆಳೆಗಾರರ ಲಾಟು, ಔಟ್‌ಟರ್ನ್, ಗ್ರೇಡು ಎಲ್ಲ ಒಂದೇ ಸ್ಟೋರೇಜಿನಲ್ಲಿದೆ. ಸರ್ವರ್, ಸ್ವಿಚ್ ಹೊಸ ಕಟ್ಟಡದಲ್ಲಿ; ಸ್ಟೋರೇಜ್ ಹಳೇ ಆಫೀಸಿನಲ್ಲಿ; ನಡುವೆ ಕಾಫಿ ಒಣಗಿಸುವ ಕಣ. ಎರಡರ ನಡುವೆ ಎ, ಬಿ ಅಂತ ಎರಡು ಫೈಬರ್ ದಾರಿ (ಪಾತ್). ಬೇಸಿಗೆಯಲ್ಲಿ 4ಜಿ (ಸೆಕೆಂಡಿಗೆ 4 ಗಿಗಾಬಿಟ್) ಫೈಬರ್ ಚಾನೆಲ್ ತೆಗೆದು ಎಲ್ಲ 16ಜಿ ಮಾಡಿದೆವು. ಈಗ ರಾತ್ರಿ ಬ್ಯಾಕಪ್ ಶುರುವಾದರೆ ಬಿ ಪಾತ್ ‘ಫೇಲ್ಡ್ ಫಾಲ್ಟಿ’, ಸ್ವಲ್ಪ ಹೊತ್ತಿಗೆ ತಾನೇ ವಾಪಸ್. ಎ ಪಾತ್ ಗಟ್ಟಿ. ಕಕ್ಕಡದ ಮಳೆಗೆ ಕೇಬಲ್ ಹಾಳಾಗಿದೆ ಅಂತಾರೆ ನಮ್ಮ ಧಣಿ. ಹಗಲು ಎಂಥ ಮಳೆ ಹೊಡೆದರೂ ಬೀಳಲ್ಲ, ಹಾಗಾಗಿ ನನಗೆ ನಂಬಿಕೆಯಿಲ್ಲ.

ಗೋಣಿಕೊಪ್ಪದವ:
ಝೋನಿಂಗ್ (ಯಾವ ಪೋರ್ಟ್ ಯಾವುದನ್ನು ನೋಡಬಹುದು ಅನ್ನೋ ಸ್ವಿಚ್‌ನ ಪಟ್ಟಿ) ನೋಡಿ ಸಾರ್. ಸ್ವಿಚ್ ಬದಲಿಸುವಾಗ ಡಬ್ಲ್ಯೂಡಬ್ಲ್ಯೂಪಿಎನ್ (ಪೋರ್ಟಿನ ಗುರುತಿನ ಸಂಖ್ಯೆ) ತಪ್ಪು ಹೊಡೆದಿರುತ್ತಾರೆ.

ಫೈಬರ್ ಅಣ್ಣ:
ಝೋನಿಂಗ್ ಅಲ್ಲ ಮಾರಾಯ್ರೆ. ಅದು ತಪ್ಪಿದ್ದರೆ ಆ ಪಾತ್‌ನಲ್ಲಿ ಲನ್ (ಸ್ಟೋರೇಜ್ ಕೊಡುವ ಡಿಸ್ಕ್) ಕಾಣಿಸುತ್ತಲೇ ಇರಲಿಲ್ಲ. ಮೊದಲು ಸ್ವಿಚ್‌ನಲ್ಲಿ ‘ಸ್ಟ್ಯಾಟ್ಸ್‌ಕ್ಲಿಯರ್’ ಕಮಾಂಡ್ ಕೊಟ್ಟು ಹಳೇ ಲೆಕ್ಕ ಅಳಿಸಿ, ಬ್ಯಾಕಪ್ ಓಡಿಸಿ, ಆಮೇಲೆ ‘ಪೋರ್ಟ್‌ಎರ್‌ಶೋ’ (porterrshow) ನೋಡಿ. ಬರೀ ಸಿಆರ್‌ಸಿ (ಕೆಟ್ಟ ಫ್ರೇಮ್‌ಗಳ ಲೆಕ್ಕ; ಫ್ರೇಮ್ ಅಂದರೆ ಡೇಟಾದ ಕಟ್ಟು) ಏರಿದರೆ ಕೆಟ್ಟ ಫ್ರೇಮ್ ಬೇರೆ ಕಡೆಯಿಂದ ಬಂದಿರಬಹುದು. ಜೊತೆಗೆ ‘ಸಿಆರ್‌ಸಿ ಜಿ_ಇಒಎಫ್’ ಕೂಡ ಏರಿದರೆ ತೊಂದರೆ ಅದೇ ಲಿಂಕ್‌ನದು. ಅಂದಹಾಗೆ, ಎರಡೂ ಕೇಬಲ್ ಯಾವ ಬಣ್ಣ?

ಕೂಡ್ಲೂರು ಸಿಸ್ಟಂ:
ಎರಡೂ ಏರುತ್ತಿವೆ. ಕೇಬಲಿನ ಎಲ್‌ಸಿ ಕನೆಕ್ಟರ್ ತುದಿ ಒರೆಸಿದೆ. ಎಸ್‌ಎಫ್‌ಪಿ (ಪೋರ್ಟಿಗೆ ಹಾಕುವ ಬೆಳಕಿನ ಮಾಡ್ಯೂಲ್) ಅದಲುಬದಲು ಮಾಡಿದೆ, ತೊಂದರೆ ಬಿ ಕೇಬಲ್ ಜೊತೆಗೇ ಉಳಿಯಿತು. ಆರ್‌ಎಕ್ಸ್ ಪವರ್ (ತಲುಪುವ ಬೆಳಕು) ಎರಡರಲ್ಲೂ ಹತ್ತಿರಹತ್ತಿರ. ಎ ಕೇಬಲ್ ತಿಳಿ ನೀಲಿ, ಹೋದ ವರ್ಷ ಎಳೆದದ್ದು. ಬಿ ಕಿತ್ತಳೆ, ಮೈಮೇಲೆ 50/125 ಅಂತಿದೆ, ಹಳೇದು. ಎರಡೂ ಸುಮಾರು 60 ಮೀಟರ್.

ಫೈಬರ್ ಅಣ್ಣ:
ಸಿಕ್ಕಿತು. ಕಿತ್ತಳೆ ಮೈಯ 50/125 ಅಂದರೆ ಸಾಮಾನ್ಯವಾಗಿ ಓಎಂ2 ಅನ್ನೋ ಹಳೇ ದರ್ಜೆಯ ಫೈಬರ್. ಅದರಲ್ಲಿ 4ಜಿ 150 ಮೀಟರ್ ಹೋಗುತ್ತದೆ, 8ಜಿ 50, 16ಜಿ ಬರೀ 35. ನಿಮ್ಮದು 60! ನೀಲಿಯದು ಓಎಂ3 ಆದರೂ 16ಜಿಗೆ 100 ಮೀಟರ್ ತಡೆಯುತ್ತದೆ. ಪವರ್ ಮೀಟರ್ ಇಲ್ಲಿ ಏನೂ ಹೇಳಲ್ಲ. ಬೆಳಕು ಕಮ್ಮಿಯಾಗಿಲ್ಲ, ಪಲ್ಸ್‌ಗಳು ದಾರಿಯಲ್ಲಿ ಹರಡಿಕೊಂಡು ಒಂದರ ಮೇಲೊಂದು ಬೀಳುತ್ತಿವೆ. ಹಗಲು ಫ್ರೇಮ್ ಕಮ್ಮಿ, ತಪ್ಪೂ ಕಮ್ಮಿ. ರಾತ್ರಿ ಬ್ಯಾಕಪ್ ನುಗ್ಗಿದಾಗ ಬಣ್ಣ ಬಯಲು. ಸದ್ಯಕ್ಕೆ ‘ಪೋರ್ಟ್‌ಸಿಎಫ್‌ಜಿಸ್ಪೀಡ್’ನಲ್ಲಿ ಆ ಪೋರ್ಟನ್ನು 4ಜಿಗೆ ಕಟ್ಟಿ. ಆಮೇಲೆ ಓಎಂ4 ಎಳೆಸಿ, ಕಣದ ಪಕ್ಕ ಆರ್ಮರ್ಡ್ ಕೇಬಲ್ಲೇ ಇರಲಿ, ಇಲಿ ಬಿಡಲ್ಲ.

ಕೂಡ್ಲೂರು ಸಿಸ್ಟಂ:
ಕಟ್ಟಿದೆ. ನಿನ್ನೆ ರಾತ್ರಿ ಜೋರು ಮಳೆ, ಬ್ಯಾಕಪ್ ಪೂರ್ತಿ ಮುಗಿಯಿತು, ಎರರ್ ಸೊನ್ನೆ. ಓಎಂ4ಗೆ ಕೊಟೇಶನ್ ಕೇಳಿದ್ದೇನೆ. ಅಲ್ಲಿಯವರೆಗೆ ಎ ಪೋರ್ಟನ್ನೂ 4ಜಿಗೆ ಇಳಿಸಬೇಕಾ?

ಫೈಬರ್ ಅಣ್ಣ:
ಬೇಡ, ಅದರ ಪಾಡಿಗೆ ಓಡಲಿ. ಸರ್ವರ್‌ನ ಮಲ್ಟಿಪಾತ್ (ಎರಡೂ ಪಾತ್‌ಗೆ ಕೆಲಸ ಹಂಚುವ ಸಾಫ್ಟ್‌ವೇರ್) ಕಾನ್ಫಿಗ್‌ನಲ್ಲಿ ರೌಂಡ್ ರಾಬಿನ್ (ಸರದಿಯಂತೆ ಹಂಚುವುದು) ಇದ್ದರೆ ಮಾತ್ರ ‘ಸರ್ವಿಸ್ ಟೈಮ್’ (ಬೇಗ ಮುಗಿಸುವ ಪಾತ್‌ಗೆ ಕೊಡುವುದು) ಮಾಡಿ. ಇಲ್ಲದಿದ್ದರೆ ನಿಧಾನದ ಪಾತ್‌ಗೂ ಸಮಪಾಲು ಹಂಚಿ ಇಡೀ ಬ್ಯಾಕಪ್ ಎಳೆದಾಡುತ್ತದೆ.