ಕೇಬಲ್‌ನ ‘ಅರ್ತ್’ ಬೇರೆ, ಪ್ಲಗ್‌ನ ‘ಅರ್ತ್’ ಬೇರೆ: ಎರಡಕ್ಕೂ ಒಂದೇ ಪದ ಸಾಕೇ?

ಗೆಳೆಯರೇ,

ನಮ್ಮ ಬಡಾವಣೆಯ ಸಮುದಾಯ ಭವನದ ಆಂಪ್ಲಿಫೈಯರ್‌ಗೆ ಹೊಸ ಇನ್‌ಪುಟ್ ಮಾಡ್ಯೂಲ್ (ಮೈಕ್ ಮುಂತಾದವುಗಳ ಕೇಬಲ್ ಸಿಕ್ಕಿಸುವ ಭಾಗ) ತಂದಿದ್ದೇವೆ. ಅದನ್ನು ಹಾಕುವುದು, ಬಳಸುವುದು ಹೇಗೆ ಅಂತ ಒಂದು ಪುಟದ ಕನ್ನಡ ಸೂಚನೆ ಬರೆಯುತ್ತಿದ್ದೇನೆ. ಓದುವವರು ಭವನ ನೋಡಿಕೊಳ್ಳುವ ಇಬ್ಬರು, ಮತ್ತೆ ಕರೆದಾಗ ಬರುವ ಎಲೆಕ್ಟ್ರಿಷಿಯನ್. ಬಹುತೇಕ ಪದಗಳು ಸಿಕ್ಕಿವೆ. ‘ಅರ್ತ್’ ಅನ್ನುವ ಒಂದು ಪದದ ಬಗ್ಗೆ ಮಾತ್ರ ನಿಮ್ಮ ಸಹಾಯ ಬೇಕು. ಅದನ್ನು ತಪ್ಪಾಗಿ ಅರ್ಥ ಮಾಡಿಕೊಂಡರೆ ಜೀವಕ್ಕೇ ಅಪಾಯ.

ಸಿಕ್ಕಿರುವ ಪದಗಳನ್ನು ಮೊದಲು ಹೇಳಿಬಿಡುತ್ತೇನೆ. ಆಂಪ್ಲಿಫೈಯರ್‌ನ ಹಿಂದೆ ಮಾಡ್ಯೂಲ್ ಕೂರುವ ಜಾಗಕ್ಕೆ ‘ಖಾನೆ’ ಅಂದಿದ್ದೇನೆ. ಮಾಡ್ಯೂಲ್‌ಗೆ ‘ಕಾರ್ಡ್’ ಸಾಕು, ಬೆಂಗಳೂರಿನ ಎಸ್.ಪಿ. ರೋಡ್‌ನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಹಾಗೆ ಕೇಳಿದರೆ ಅರ್ಥವಾಗುತ್ತದೆ. ಇನ್‌ಪುಟ್‌ಗೆ ‘ಆದಾನ’ ಅಂತ ಕೆಲವು ಪುಸ್ತಕಗಳಲ್ಲಿ ನೋಡಿದ್ದೇನೆ. ಆದರೆ ಅದರ ಜೋಡಿ ಪದ, ಅಂದರೆ ಔಟ್‌ಪುಟ್‌ಗೆ, ‘ಪ್ರದಾನ’. ಅವಸರದಲ್ಲಿ ಓದಿದರೆ ಎರಡೂ ಕಲಸಿಹೋಗುತ್ತವೆ. ಹಾಗಾಗಿ ‘ಇನ್‌ಪುಟ್’ ಅಂತಲೇ ಬರೆದಿದ್ದೇನೆ.

‘ಅಳವಡಿಸಿ’, ‘ಸ್ಥಾಪಿಸಿ’ ಎರಡನ್ನೂ ಬಿಟ್ಟು ‘ಕೂರಿಸಿ’ ಅಂತ ಬರೆದಿದ್ದಕ್ಕೆ ಕಾರಣವಿದೆ. ಪ್ಲಗ್ ಕಿತ್ತು, ಖಾನೆಯ ಮೇಲಿನ ತಗಡು ಬಿಚ್ಚಿ, ಕಾರ್ಡಿನ ಎರಡು ಅಂಚನ್ನೂ ಒಳಗಿನ ಸೀಳುಗಳಿಗೆ ಸೇರಿಸಿ ತಳ್ಳಬೇಕು. ಹಿಂದಿನ ಕನೆಕ್ಟರ್ ಪೂರ್ತಿ ಕಚ್ಚಿಕೊಂಡ ಮೇಲೆ ಸ್ಕ್ರೂ ಹಾಕಬೇಕು. ಕಾರ್ಡ್ ಅರ್ಧಕ್ಕೆ ನಿಂತಾಗ ಸ್ಕ್ರೂ ತಿರುಗಿಸಿ ಒಳಗೆಳೆಯಲು ಹೋದರೆ ಪಿನ್ ಬಾಗಬಹುದು. ‘ಕೂತಿದೆಯಾ?’ ಅಂತ ಕೇಳಿದರೆ ಯಾರಾದರೂ ಒಮ್ಮೆ ಒತ್ತಿ ನೋಡುತ್ತಾರೆ. ‘ಅಳವಡಿಸಿದ್ದೀರಾ?’ ಅಂದರೆ ಸ್ಕ್ರೂ ಬಿಗಿಯಾಗಿದೆಯಾ ಅಂತಷ್ಟೇ ನೋಡುತ್ತಾರೆ.

‘ಗೇನ್’ ಮತ್ತು ‘ವಾಲ್ಯೂಮ್’ ಎರಡಕ್ಕೂ ‘ಧ್ವನಿ ಹೆಚ್ಚಿಸುವ ತಿರುಪು’ ಅಂತ ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಮೈಕ್‌ನಿಂದ ಬರುವುದು ಕೆಲವೇ ಮಿಲಿವೋಲ್ಟ್. ಹಲವು ಮೈಕ್‌ಗಳ ಸದ್ದು ಬೆರೆಸುವ ಮಿಕ್ಸರ್‌ನ ಲೈನ್ ಔಟ್‌ಪುಟ್‌ನಿಂದ ಬರುವುದು ಸುಮಾರು 1 ವೋಲ್ಟ್. ಈ ಅಂತರ ಸರಿಮಾಡುವುದು ಗೇನ್‌ನ ಕೆಲಸ. 60 ಡೆಸಿಬೆಲ್ ಗೇನ್ ಅಂದರೆ ವೋಲ್ಟೇಜ್ 1,000 ಪಟ್ಟು. ಇದು ಜಾಸ್ತಿಯಾದರೆ ಸದ್ದು ಒಳಬರುವಾಗಲೇ ಒಡೆಯುತ್ತದೆ. ಆಮೇಲೆ ವಾಲ್ಯೂಮ್ ಎಷ್ಟು ಇಳಿಸಿದರೂ ಒಡಕು ಹೋಗುವುದಿಲ್ಲ. ಅದಕ್ಕೇ ಎರಡು ಹೆಸರೂ ಹಾಗೇ ಇರಲಿ ಅಂತ ಬಿಟ್ಟೆ. ‘ಆದ್ಯತೆ’ ತೊಂದರೆ ಕೊಡಲಿಲ್ಲ. ‘ಪ್ರಕಟಣೆಯ ಮೈಕ್‌ಗೆ ಆದ್ಯತೆ, ಅದು ಮಾತಾಡುವಾಗ ಹಾಡು ತಗ್ಗುತ್ತದೆ’ ಅಂದರೆ ಎಲ್ಲರಿಗೂ ತಿಳಿಯುತ್ತದೆ.

‘ಧ್ವನಿವರ್ಧಕ’ದ ಬಗ್ಗೆಯೂ ಒಂದು ಮಾತು. ಪದದ ಅರ್ಥ ನೋಡಿದರೆ ಅದು ಆಂಪ್ಲಿಫೈಯರ್‌ಗೇ ಸಲ್ಲಬೇಕು. ಆದರೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸಬಾರದು ಅನ್ನುವ 2000ದ ಶಬ್ದಮಾಲಿನ್ಯ ನಿಯಮದ ಸುದ್ದಿ ಓದಿದವರಿಗೆಲ್ಲ ಅದು ಲೌಡ್‌ಸ್ಪೀಕರ್. ಈಗ ಅದನ್ನು ಬದಲಿಸುವುದು ಬೇಡ. ಸೂಚನೆಯಲ್ಲಿ ‘ಆಂಪ್ಲಿಫೈಯರ್’ ಅಂತಲೇ ಇದೆ.

ಇನ್ನು ಮುಖ್ಯ ಪ್ರಶ್ನೆ. ಮೈಕ್ ಕೇಬಲ್‌ನಲ್ಲಿ ಎರಡು ತಂತಿಗಳ ಸುತ್ತ ತಾಮ್ರದ ಹೆಣಿಗೆ ಇರುತ್ತದೆ. ಕೇಬಲ್ ತುದಿಯ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕನೆಕ್ಟರ್‌ನಲ್ಲಿ ಅದು 1ನೇ ಪಿನ್‌ಗೆ ಬರುತ್ತದೆ. ಸದ್ದು ಹೋಗುವುದು 2 ಮತ್ತು 3ರಲ್ಲಿ. ಮೈಕ್‌ಸೆಟ್‌ನವರು ಈ ಹೆಣಿಗೆಗೆ ‘ಅರ್ತ್’ ಅನ್ನುತ್ತಾರೆ. ಗೋಡೆಯ ಸಾಕೆಟ್‌ನ ಮೇಲಿನ ದೊಡ್ಡ ತೂತಿನದ್ದೂ ‘ಅರ್ತ್’. ವೇದಿಕೆಯ ಮಿಕ್ಸರ್ ಒಂದು ಕಡೆಯ ಸಾಕೆಟ್‌ನಲ್ಲಿ, ಆಂಪ್ಲಿಫೈಯರ್ ಇನ್ನೊಂದು ಕೋಣೆಯಲ್ಲಿ ಇದ್ದರೆ, ಎರಡು ಅರ್ತ್‌ಗಳ ನಡುವೆ ಸಣ್ಣ ವೋಲ್ಟೇಜ್ ವ್ಯತ್ಯಾಸ ಇರಬಹುದು. ಆಗ ಕೇಬಲ್‌ನ ಹೆಣಿಗೆಯಲ್ಲಿ ಕರೆಂಟ್ ಹರಿದು ಸ್ಪೀಕರ್‌ನಲ್ಲಿ ‘ಗುಂಯ್’ ಅನ್ನುತ್ತದೆ. ಪರಿಹಾರ ಕೇಳಿದರೆ ಥಟ್ಟನೆ ಬರುವ ಮಾತು ‘ಅರ್ತ್ ತೆಗೆದುಬಿಡಿ’.

ಯಾವ ಅರ್ತ್? ಹೇಳಿದವರ ಮನಸ್ಸಿನಲ್ಲಿ ಕೇಬಲ್‌ನ ಹೆಣಿಗೆ ಇರುತ್ತದೆ. ಕೇಳಿದವರು ಪ್ಲಗ್‌ನ ದಪ್ಪ ಪಿನ್ ಮುರಿಯುತ್ತಾರೆ. ಗುಂಯ್ ನಿಂತೇಹೋಗುತ್ತದೆ, ಅದೇ ಮೋಸ. ಮುಂದೆ ಎಂದಾದರೂ ಆಂಪ್ಲಿಫೈಯರ್ ಒಳಗೆ ಇನ್ಸುಲೇಷನ್ ಹೋಗಿ ಅದರ ಲೋಹದ ಪೆಟ್ಟಿಗೆಗೆ 230 ವೋಲ್ಟ್ ತಗುಲಿದರೆ, ಮುಟ್ಟಿದವರ ಮೈ ಮೂಲಕವೇ ಕರೆಂಟ್ ಹರಿಯಬಹುದು. ಅದೇ ಪೆಟ್ಟಿಗೆಗೆ ಕೇಬಲ್ ಮೂಲಕ ಸೇರಿಕೊಂಡ ಮೈಕ್ ಯಾರದೋ ಕೈಯಲ್ಲಿರುತ್ತದೆ. ಭಾಷಣ ಮಾಡುವವರು, ಹಾಡುವ ಮಕ್ಕಳು. ಇಂಥ ಪಿನ್ ಮುರಿದ ಪ್ಲಗ್ ನಮ್ಮ ಭವನದಲ್ಲೇ ಸಿಕ್ಕಿತು, ಈಗ ಬದಲಿಸಿದ್ದೇವೆ.

ನಮ್ಮ ಹೊಸ ಕಾರ್ಡಿನಲ್ಲಿ ಹೆಣಿಗೆಯನ್ನು ಪೆಟ್ಟಿಗೆಯಿಂದ ಬೇರೆ ಮಾಡುವ ಸಣ್ಣ ಸ್ವಿಚ್ ಇದೆ. ಅದು ಪ್ಲಗ್‌ನ ಅರ್ತ್ ಅನ್ನು ಮುಟ್ಟುವುದೇ ಇಲ್ಲ. ಪುಸ್ತಿಕೆಯಲ್ಲಿ ಅದರ ಹೆಸರು ‘ಗ್ರೌಂಡ್ ಲಿಫ್ಟ್’. ‘ಅರ್ತ್ ತೆಗೆಯುವ ಸ್ವಿಚ್’ ಅಂತ ಬರೆದರೆ ಮತ್ತೆ ಅದೇ ಗೊಂದಲ.

ನನ್ನ ಸಲಹೆ ಇಷ್ಟು. ‘ಅರ್ತ್’ ಪ್ಲಗ್‌ಗೆ ಮಾತ್ರ ಮೀಸಲಾಗಲಿ. ಶಾಲೆಯ ವಿಜ್ಞಾನ ಪುಸ್ತಕದ ‘ಭೂಸಂಪರ್ಕ ತಂತಿ’ ಒಳ್ಳೆಯದೇ, ಆದರೆ ಎಲೆಕ್ಟ್ರಿಷಿಯನ್ ಬಾಯಲ್ಲಿ ಬರುವುದು ಅರ್ತ್. ಕೇಬಲ್‌ನದ್ದಕ್ಕೆ ‘ಜಾಲರಿ’ ಅನ್ನೋಣ. ‘ಹೊದಿಕೆ’ ಅಂದರೆ ಮೇಲಿನ ರಬ್ಬರ್ ಅಂದುಕೊಳ್ಳಬಹುದು, ‘ಕವಚ’ಕ್ಕೂ ಅದೇ ತೊಂದರೆ. ಹೆಣಿಗೆಯ ಬದಲು ತೆಳು ಹಾಳೆ ಸುತ್ತಿದ ಕೇಬಲ್‌ಗಳೂ ಇವೆ. ಅಲ್ಲಿ ‘ಜಾಲರಿ’ ಅಷ್ಟು ಹೊಂದುವುದಿಲ್ಲ, ನಿಜ. ಆದರೂ ಪ್ಲಗ್‌ನ ಪಿನ್‌ಗೆ ಯಾರೂ ಜಾಲರಿ ಅನ್ನುವುದಿಲ್ಲ ಅಲ್ವಾ? ನನಗೆ ಬೇಕಾದ್ದು ಅದೇ.

ಸೂಚನೆಯ ಸಾಲು ಈಗ ಹೀಗಿದೆ: ‘ಗುಂಯ್ ಅಂದರೆ ಮೊದಲು ಮಿಕ್ಸರ್, ಆಂಪ್ಲಿಫೈಯರ್ ಎರಡನ್ನೂ ಒಂದೇ ಲೈನ್‌ನ ಸಾಕೆಟ್‌ಗೆ ಹಾಕಿ. ಆಗಲೂ ನಿಲ್ಲದಿದ್ದರೆ ಮಿಕ್ಸರ್‌ನ ಕೇಬಲ್ ಬರುವ ಕಾರ್ಡಿನಲ್ಲಿ ಜಾಲರಿ ಬಿಡಿಸುವ ಸ್ವಿಚ್ ಒತ್ತಿ. ಕೇಬಲ್ ಮೂಲಕವೇ 48 ವೋಲ್ಟ್ ಬೇಕಾದ ಮೈಕ್ ಇರುವ ಕಾರ್ಡಿನಲ್ಲಿ ಒತ್ತಬೇಡಿ, ಆ ಕರೆಂಟ್ ವಾಪಸ್ ಬರುವುದು ಜಾಲರಿಯಲ್ಲೇ. ಪ್ಲಗ್‌ನ ಅರ್ತ್ ಪಿನ್ ಯಾವತ್ತೂ ತೆಗೆಯಬೇಡಿ.’

‘ಜಾಲರಿ ಬಿಡಿಸು’ ನಿಮ್ಮ ಕಿವಿಗೆ ಸರಿ ಕೇಳುತ್ತದೆಯೇ? ಹುಬ್ಬಳ್ಳಿ, ಮಂಗಳೂರು, ಕಲಬುರಗಿ ಕಡೆಯ ಮೈಕ್‌ಸೆಟ್‌ನವರು ಕೇಬಲ್‌ನ ಈ ಹೆಣಿಗೆಗೆ ಬೇರೆ ಏನಾದರೂ ಹೆಸರು ಹೇಳುತ್ತಾರಾ? ಬಾಯಲ್ಲಿ ಓಡಾಡುವ ಪದ ಒಂದಿದ್ದರೆ ನನ್ನ ‘ಜಾಲರಿ’ ಬಿಟ್ಟು ಅದನ್ನೇ ಹಾಕುತ್ತೇನೆ.